ಚೀಟಿ ಬದಲಾದ ಮೇಲೆ: ಒಂದು ಮನೆ, ಒಂದು ಹಾಪ್‌ಕಾಮ್ಸ್ ಮಳಿಗೆ

ನಮ್ಮ ಅಕ್ಕನ ಮನೆ ದಕ್ಷಿಣ ಬೆಂಗಳೂರಿನಲ್ಲಿದೆ. ಮನೆಯಲ್ಲಿ ಅಕ್ಕ, ಭಾವ, ಪಿಯುಸಿ ಓದುವ ಮಗಳು, ಜೊತೆಗೆ ಅಕ್ಕನ ಅತ್ತೆ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು. ತರಕಾರಿ, ಹಣ್ಣು ಎಲ್ಲಾ ಫೋನಿನಲ್ಲಿ ಆರ್ಡರ್ ಮಾಡಿ ಮನೆ ಬಾಗಿಲಿಗೆ ತರಿಸಿಕೊಳ್ಳುತ್ತಿದ್ದರು. ಮನೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಹಾಪ್‌ಕಾಮ್ಸ್ ಮಳಿಗೆ ಇದೆ, ಅಂದರೆ ರೈತರ ಸಹಕಾರ ಸಂಘದ ಹಣ್ಣು, ತರಕಾರಿ ಅಂಗಡಿ, ಅದರ ಮುಂದೆಯೇ ದಿನಾ ಓಡಾಡುತ್ತಿದ್ದರು. ಕಳೆದ ವರ್ಷ ಅಕ್ಕ ತೀರ್ಮಾನ ಮಾಡಿದಳು, ಇನ್ನು ಮೇಲೆ ಆದಷ್ಟೂ ಸುತ್ತಮುತ್ತಲಿನ ರೈತರು ಬೆಳೆದದ್ದನ್ನೇ ತರಬೇಕು, ಅದೂ ರೈತರದ್ದೇ ಸಹಕಾರ ಸಂಘದಿಂದ. ಸ್ವಲ್ಪ ದಿನ ಕಳೆದ ಮೇಲೆ ನನಗೆ ಫೋನ್ ಮಾಡಿ, "ಇದು ಆಗೋ ಹೋಗೋ ಮಾತಲ್ಲ ಕಣೋ, ನನ್ನ ಚೀಟಿಯಲ್ಲಿ ಇರೋದರಲ್ಲಿ ಅರ್ಧ ನಮ್ಮ ಕಡೆ ಬೆಳೆಯೋದೇ ಇಲ್ಲ" ಅಂದಳು.

ಆ ಚೀಟಿ ನೋಡಿದೆ. ಆಲೂಗಡ್ಡೆ, ಈರುಳ್ಳಿ, ಟೊಮೆಟೊ, ಬೀನ್ಸ್, ಕ್ಯಾರೆಟ್, ಹೂಕೋಸು, ದಪ್ಪ ಮೆಣಸಿನಕಾಯಿ, ಬೆಂಡೆಕಾಯಿ, ಹಸಿ ಬಟಾಣಿ, ಬೆಳ್ಳುಳ್ಳಿ, ಸೇಬು, ಬಾಳೆಹಣ್ಣು. ಜನವರಿಯಲ್ಲೂ ಇದೇ, ಜೂನ್‌ನಲ್ಲೂ ಇದೇ, ದೀಪಾವಳಿಗೂ ಇದೇ. ನಗರದ ತುಂಬಾ ಮನೆಗಳಲ್ಲಿ ಇದೇ ಚೀಟಿ ಇದೆ ಅಲ್ವಾ? ಅದಕ್ಕೇ ಈ ಒಂದು ಮನೆಯಲ್ಲಿ ಏನಾಯಿತು ಅಂತ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಅಂಗಡಿ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು. ಅದು ಗೊತ್ತಿಲ್ಲದೆ ಇದೂ ಇನ್ನೊಂದು ತರಕಾರಿ ಅಂಗಡಿ ಅಂತ ಹೋದರೆ ನಿರಾಸೆ ಆಗುತ್ತದೆ.

ಹಾಪ್‌ಕಾಮ್ಸ್ ಶುರುವಾದದ್ದು 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಹಿಂದೆ ಇದ್ದವರು ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರು. ದ್ರಾಕ್ಷಿಯಿಂದ ಯಾಕೆ ಶುರು ಅಂದರೆ ಅದು ಕಾಯುವ ಹಣ್ಣಲ್ಲ. ಕೊಯ್ದ ಮೇಲೆ ಬೇಗ ಮಾರಲೇಬೇಕು, ರೈತ ಲೋಡ್ ತಂದು ನಿಂತಿದ್ದಾನೆ ಅಂತ ಕೊಳ್ಳುವವನಿಗೆ ಗೊತ್ತಾದ ತಕ್ಷಣ ಬೆಲೆ ಬೀಳುತ್ತದೆ, ವಾಪಸ್ ತೆಗೆದುಕೊಂಡು ಹೋಗುವ ಹಾಗೂ ಇಲ್ಲ. ಈ ಕಷ್ಟ ದ್ರಾಕ್ಷಿಗೆ ಮಾತ್ರ ಇದ್ದದ್ದಲ್ಲ. ಟೊಮೆಟೊ, ಬೀನ್ಸ್, ಸೊಪ್ಪು, ಎಲ್ಲಕ್ಕೂ ಇದ್ದದ್ದೇ. ಹಾಗಾಗಿ ಸಂಘ ನಿಧಾನಕ್ಕೆ ಎಲ್ಲಾ ಹಣ್ಣು, ತರಕಾರಿಗೂ ಹರಡಿಕೊಂಡಿತು. ಮುಖ್ಯ ಕಚೇರಿ ಲಾಲ್‌ಬಾಗ್‌ನಲ್ಲಿದೆ.

ಬೆಂಗಳೂರು ಹಾಪ್‌ಕಾಮ್ಸ್‌ಗೆ ಮಾಲು ಕೊಡುವ ಸದಸ್ಯ ರೈತರು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು. ಅವರು ಖರೀದಿ ಕೇಂದ್ರಕ್ಕೆ ಮಾಲು ತರುತ್ತಾರೆ, ಎಲೆಕ್ಟ್ರಾನಿಕ್ ತೂಕದಲ್ಲಿ ತೂಗುತ್ತಾರೆ, ಅಲ್ಲಿಂದ ಮಳಿಗೆಗಳಿಗೆ ಬೆಳಿಗ್ಗೆ ಹೊತ್ತಿಗೆ ಗಾಡಿ ಬರುತ್ತದೆ. ಆ ದಿನದ ದರ ಎಲ್ಲಾ ಮಳಿಗೆಗೂ ಒಂದೇ. ಜಯನಗರದಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು ಅಂತ ಇಲ್ಲ. ಮಂಡಿಗೆ ಹೋದರೆ ರೈತನಿಗೆ ಕಮಿಷನ್ನು, ಹಮಾಲಿ, ತೂಕದಲ್ಲಿ ಕಡಿತ ಅಂತ ಒಂದೊಂದೇ ಹೋಗುತ್ತದೆ. ಇಲ್ಲಿ ಕಮಿಷನ್ ಅಂತ ಹಿಡಿಯುವುದಿಲ್ಲ. ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವೆ ಇರುವ ಅಂತರದಲ್ಲೇ ಗಾಡಿ ಖರ್ಚು, ಸಿಬ್ಬಂದಿ ಸಂಬಳ, ಕೊಳೆತು ಹೋಗುವ ಮಾಲಿನ ನಷ್ಟ ಎಲ್ಲಾ ಏಗಬೇಕು. ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸುವುದು ತೂಕ. ಬೆಲೆ ಏರುತ್ತದೆ, ಇಳಿಯುತ್ತದೆ, ಅದು ಇದ್ದದ್ದೇ. ಆದರೆ ತಾನು ತಂದ ಮಾಲು ಎಷ್ಟು ಕೆಜಿ ಅನ್ನೋದರಲ್ಲಿ ರೈತನಿಗೆ ಅನುಮಾನ ಇರಬಾರದು.

ಸಹಕಾರ ಅನ್ನುವುದು ನಮ್ಮ ನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಆಯಿತು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಬೆಂಗಳೂರಿನ ಮನೆಗಳು ಬೆಳಿಗ್ಗೆ ಎದ್ದ ಕೂಡಲೇ ಮುಟ್ಟುವ ನಂದಿನಿ ಹಾಲೂ ಸಹಕಾರದ್ದೇ, ಅದೂ ಬಹುಪಾಲು ಇದೇ ಸುತ್ತಮುತ್ತಲಿನ ಹಳ್ಳಿಗಳ ಹಾಲು. ಇದನ್ನು ಅಕ್ಕನಿಗೆ ಹೇಳಿದಾಗ ಅವಳಿಗೆ ಧೈರ್ಯ ಬಂತು. ಹೊಸದಾಗಿ ಏನೋ ದೊಡ್ಡದು ಶುರು ಮಾಡಬೇಕು ಅಂದುಕೊಂಡಿದ್ದಳು, ಆದರೆ ಮನೆಯ ಹಾಲು, ಮೊಸರು ಮೊದಲಿನಿಂದಲೂ ಹೀಗೇ ಬರುತ್ತಿತ್ತು.

ಇನ್ನು ಚೀಟಿಗೆ ಬರೋಣ. ಅಂಗಡಿಗೆ ಜೊತೆಯಲ್ಲಿ ಹೋದೆವು. ರಶ್ ಇಲ್ಲದ ಹೊತ್ತು ನೋಡಿಕೊಂಡು ಹೋಗಿದ್ದರಿಂದ ಅಂಗಡಿಯವರು ಸಮಾಧಾನವಾಗಿ ಮಾತಾಡಿದರು. ಅಕ್ಕ, "ಅಣ್ಣ, ಇದರಲ್ಲಿ ನಮ್ಮ ಕಡೇದು ಯಾವುದು ಸ್ವಲ್ಪ ತೋರಿಸಿ" ಅಂತ ಕೇಳಿದಳು. ಅವರು ಒಂದೊಂದೇ ಕ್ರೇಟ್ ಮುಟ್ಟಿ ಹೇಳಿದರು.

ಬೀನ್ಸ್, ಟೊಮೆಟೊ, ಹೂಕೋಸು, ದಪ್ಪ ಮೆಣಸಿನಕಾಯಿ ಎಲ್ಲಾ ಹತ್ತಿರದ್ದೇ. ಇದು ಅಕ್ಕನಿಗೆ ಆಶ್ಚರ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬಿಸಿಲು ಅಷ್ಟು ಜಾಸ್ತಿ ಇಲ್ಲ, ಹಾಗಾಗಿ ಬೇರೆ ಊರಿನಲ್ಲಿ ಚಳಿಗಾಲಕ್ಕೆ ಮಾತ್ರ ಬರುವ ತರಕಾರಿ ಇಲ್ಲಿ ಹೆಚ್ಚುಕಡಿಮೆ ವರ್ಷವೆಲ್ಲಾ ಬೆಳೆಯುತ್ತದೆ. ಟೊಮೆಟೊ ಅಂತೂ ಕೋಲಾರದ್ದು, ಅಲ್ಲಿನ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಕ್ಯಾರೆಟ್‌ನಲ್ಲಿ ಎರಡು ಇತ್ತು, ಊಟಿಯದ್ದು ಮತ್ತು ನಾಟಿ. ಅಕ್ಕ ಯಾವಾಗಲೂ ಊಟಿಯದ್ದನ್ನೇ ತರುತ್ತಿದ್ದಳು, ನೋಡೋಕೆ ನುಣುಪಾಗಿ ಇರುತ್ತದೆ ಅಂತ.

ದೂರದ್ದು ಅಂದರೆ ಸೇಬು. ಅದು ಕಾಶ್ಮೀರ, ಹಿಮಾಚಲದಿಂದ ಬರಲೇಬೇಕು. ಬೆಳ್ಳುಳ್ಳಿ ಬಹುಪಾಲು ಮಧ್ಯಪ್ರದೇಶದ್ದು. ಆಲೂಗಡ್ಡೆ, ಈರುಳ್ಳಿ ಕಾಲದ ಮೇಲೆ ಹೋಗುತ್ತದೆ. ಹಾಸನದ ಆಲೂ ಮುಂಗಾರಿನ ಬೆಳೆ, ಆಗಸ್ಟ್ ಹೊತ್ತಿಗೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಬೆಳೆಯುತ್ತಾರೆ. ಉಳಿದ ಕಾಲದಲ್ಲಿ ಸಿಗುವುದು ಹೆಚ್ಚಾಗಿ ಉತ್ತರದ ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದು. ಈರುಳ್ಳಿಯಲ್ಲಿ ಚಿತ್ರದುರ್ಗ, ಗದಗ, ಧಾರವಾಡದ ಮುಂಗಾರು ಬೆಳೆ ಸೆಪ್ಟೆಂಬರ್ ನಂತರ ಬರುತ್ತದೆ. ಅದರಲ್ಲಿ ನೀರಿನಂಶ ಜಾಸ್ತಿ, ತುಂಬಾ ದಿನ ಇಡೋಕೆ ಆಗಲ್ಲ. ಮಹಾರಾಷ್ಟ್ರದ ಹಿಂಗಾರು ಈರುಳ್ಳಿ ತಿಂಗಳುಗಟ್ಟಲೆ ತಡೆಯುತ್ತದೆ, ಅದಕ್ಕೇ ಬೇಸಿಗೆ, ಮಳೆಗಾಲದಲ್ಲಿ ಅದೇ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ರೋಸ್ ಈರುಳ್ಳಿಗೆ ಜಿಐ ಮಾನ್ಯತೆ, ಅಂದರೆ ಇದು ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಕೂಡ ಇದೆ, ಆದರೆ ಅದು ಬಹುಪಾಲು ಹಡಗು ಹತ್ತಿ ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ. ನಮ್ಮ ಪಕ್ಕದ ಹೊಲದ್ದು ನಮಗೆ ಸಿಗುವುದು ಕಡಿಮೆ.

ಇಲ್ಲಿ ಒಂದು ಪ್ರಶ್ನೆ ಬಂತು, ಅದರ ಮೇಲೆ ಮನೆಯಲ್ಲಿ ತುಂಬಾ ಮಾತಾಯಿತು. ನಮ್ಮ ಕಡೇದು ಅಂದರೆ ಏನು? ಭಾವ ಕಲಬುರಗಿಯ ತೊಗರಿಬೇಳೆಯನ್ನೇ ತರೋಣ ಅಂದರು, ಜಿಐ ಇರುವ ಬೇಳೆ, ಕರ್ನಾಟಕದ್ದು. ಸರಿ, ಆದರೆ ಕಲಬುರಗಿ ಇಲ್ಲಿಂದ ಸುಮಾರು 600 ಕಿಲೋಮೀಟರ್. ಹೊಸೂರು ತಮಿಳುನಾಡಿನಲ್ಲಿದೆ, ದೂರ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಹೊಸೂರಿನಲ್ಲಿ ಕಿತ್ತ ಸೊಪ್ಪು ಅದೇ ದಿನ ನಮ್ಮ ಮನೆಯ ಸಾರಿಗೆ ಬೀಳಬಹುದು. ಹೊಸೂರಿನ ರೈತ ಹಾಪ್‌ಕಾಮ್ಸ್ ಸದಸ್ಯ ಅಲ್ಲ, ಅದು ಬೇರೆ ವಿಷಯ. ಅಂದರೆ ದೂರ ಒಂದು, ರಾಜ್ಯ ಇನ್ನೊಂದು, ಹಣ ಯಾರ ಕೈ ಸೇರುತ್ತದೆ ಅನ್ನುವುದು ಮೂರನೆಯದು. ಮೂರನ್ನೂ ಕಲಸಿ ಲೋಕಲ್ ಅಂತ ಒಂದು ಹಣೆಪಟ್ಟಿ ಹಚ್ಚಿದರೆ ಅಂಗಡಿಯಲ್ಲಿ ನಿಂತಾಗ ಏನೂ ತೀರ್ಮಾನ ಆಗಲ್ಲ. ಕೊನೆಗೆ ಅವರು ಮಾಡಿಕೊಂಡದ್ದು ಇಷ್ಟೇ. ಬೇಗ ಬಾಡುವ, ಕೊಳೆಯುವ ಪದಾರ್ಥಕ್ಕೆ ದೂರ ನೋಡುವುದು. ಬೇಳೆ, ಅಕ್ಕಿ, ಬೆಲ್ಲ, ಒಣಮೆಣಸಿನಕಾಯಿಯಂಥ ತಡೆಯುವ ಪದಾರ್ಥಕ್ಕೆ ಊರು ನೋಡುವುದು. ಹಾಗಾಗಿ ಕಲಬುರಗಿ ಬೇಳೆ, ಮಂಡ್ಯದ ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ದಿನಸಿ ಅಂಗಡಿಯಿಂದ ಬರುತ್ತದೆ, ಸೊಪ್ಪು, ತರಕಾರಿ, ಹಣ್ಣು ಮಳಿಗೆಯಿಂದ. ನನಗಂತೂ ಇದು ಸರಿಯಾದ ದಾರಿ ಅನ್ನಿಸಿತು.

ಇನ್ನೊಂದು ಮಾತು. ಸೀಮೆಬದನೆ ನಮ್ಮದೇ ತರಕಾರಿ ಅಂತ ನಾವು ತಿನ್ನುತ್ತೇವೆ, ಅದರ ಮೂಲ ಮಧ್ಯ ಅಮೆರಿಕ. ಟೊಮೆಟೊ, ಮೆಣಸಿನಕಾಯಿ, ಆಲೂ ಎಲ್ಲವೂ ಆ ಖಂಡದವೇ. ನಾಟಿ ಬೇಕು ಅಂತ ಹಠ ಹಿಡಿದು ಯಾವ ಬೆಳೆ ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದರೆ ಮನೆಯಲ್ಲಿ ಅಡುಗೆ ಆಗಲ್ಲ. ಈಗ ಯಾರು ಬೆಳೆಯುತ್ತಿದ್ದಾರೆ, ಎಲ್ಲಿ ಬೆಳೆಯುತ್ತಿದ್ದಾರೆ, ಅಷ್ಟು ಸಾಕು.

ಚೀಟಿ ಬದಲಾದದ್ದು ಅತ್ತೆಯಿಂದ. ಅವರು ಮಾಗಡಿ ಕಡೆಯವರು. ಮಂಡಿ ನೋವು ಅಂತ ಹೊರಗೆ ಹೋಗುವುದು ಕಡಿಮೆ ಮಾಡಿದ್ದರು, ಅಡುಗೆಯೂ ಪೂರ್ತಿ ಅಕ್ಕನ ಕೈಗೆ ಬಂದಿತ್ತು. ಒಂದು ಸಂಜೆ ಅಕ್ಕ ಅವರ ಹತ್ತಿರ ಕೂತು, "ಅತ್ತೆ, ನೀವು ಚಿಕ್ಕವರಿದ್ದಾಗ ಯಾವ ತಿಂಗಳಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿದಳು. ಅವರು ಹೇಳುತ್ತಾ ಹೋದರು, ಇವಳು ಬರೆದುಕೊಂಡಳು. ಚಳಿ ಶುರುವಾದ ಮೇಲೆ ಸೊಗಡು ಅವರೆಕಾಯಿ, ಸಂಕ್ರಾಂತಿ ಕಳೆಯುವವರೆಗೂ ಅದೇ, ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ರೊಟ್ಟಿ. ಬೇಸಿಗೆ ಹತ್ತಿರ ಬಂದ ಹಾಗೆ ನುಗ್ಗೆಕಾಯಿ, ಮಾವಿನಕಾಯಿ ಚಿತ್ರಾನ್ನ. ಆಮೇಲೆ ಮಾವು, ಹಲಸು, ಹಲಸಿನ ಬೀಜ ಹಾಕಿದ ಸಾರು. ಮಳೆ ಬಿದ್ದ ಮೇಲೆ ಸೊಪ್ಪೋ ಸೊಪ್ಪು, ದಂಟು, ಕೀರೆ, ಹೊನಗನ್ನೆ, ಮಸ್ಸೊಪ್ಪು, ಬಸ್ಸಾರು. ಇಷ್ಟು ಹೇಳಿ, "ಚೀಟಿ ಬರ್ಕೊಂಡು ಯಾರಮ್ಮ ಸಂತೆಗೆ ಹೋಗ್ತಿದ್ರು, ಬಂದಿದ್ದು ನೋಡಿ ಸಾರು ಮಾಡೋದು" ಅಂದರಂತೆ.

ಇಡೀ ಪ್ರಕರಣದ ತಿರುಳು ಅದೇ. ಅಕ್ಕ ಮೊದಲು ಅಡುಗೆ ತೀರ್ಮಾನ ಮಾಡಿ ಆಮೇಲೆ ತರಕಾರಿ ಹುಡುಕುತ್ತಿದ್ದಳು. ಅದು ತಿರುಗಿತು. ಈಗ ಚೀಟಿಯಲ್ಲಿ ತರಕಾರಿ ಹೆಸರು ಇಲ್ಲ. ಹುಳಿಗೆ ಒಂದು, ಪಲ್ಯಕ್ಕೆ ಎರಡು, ಸೊಪ್ಪು ಎರಡು ಕಟ್ಟು, ಹಣ್ಣು ಎರಡು ಬಗೆ, ಹೀಗಿರುತ್ತದೆ. ಹುಳಿಗೆ ಯಾವ ತರಕಾರಿ ಅನ್ನುವುದನ್ನು ಆ ದಿನದ ಕ್ರೇಟು ಹೇಳುತ್ತದೆ. ನವಿಲುಕೋಸು ಚೆನ್ನಾಗಿದ್ದರೆ ನವಿಲುಕೋಸು, ಮೂಲಂಗಿ ಎಳೆಯದಿದ್ದರೆ ಮೂಲಂಗಿ, ಸೀಮೆಬದನೆ ಅಗ್ಗವಾಗಿದ್ದರೆ ಅದು. ಪಲ್ಯಕ್ಕೆ ಗೋರಿಕಾಯಿಯೋ ಹೀರೆಕಾಯಿಯೋ ಪಡವಲವೋ. ಇದು ಕೇಳೋಕೆ ಸಣ್ಣ ಬದಲಾವಣೆ, ಆದರೆ ಹತ್ತಿರದ ಊಟ ಸಾಧ್ಯ ಆಗುವುದು ಇದರಿಂದಲೇ, ಇದಿಲ್ಲದೆ ಆಗಲ್ಲ ಅಂತ ನಾನು ಖಂಡಿತವಾಗಿ ಹೇಳಬಲ್ಲೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮನೆಗಿಂತ ದೊಡ್ಡದು. ಮಳಿಗೆಯವರು ನಾಳೆಗೆ ಏನು ಬೇಕು, ಎಷ್ಟು ಬೇಕು ಅಂತ ಮೊದಲೇ ಇಂಡೆಂಟ್ ಹಾಕುತ್ತಾರೆ. ಇವತ್ತು ಏನು ಖಾಲಿಯಾಯಿತು, ಏನು ಉಳಿಯಿತು ಅನ್ನುವುದರ ಮೇಲೆ ಆ ಇಂಡೆಂಟ್ ನಿಲ್ಲುತ್ತದೆ. ಖರೀದಿ ಕೇಂದ್ರದಲ್ಲಿ ರೈತನಿಂದ ಎಷ್ಟು ಕೊಳ್ಳಬೇಕು ಅನ್ನುವುದು ಅದರ ಮೇಲೆ. ಅಂದರೆ ನಾವು ಗಿರಾಕಿಗಳು ಸೇಬನ್ನು ಮಾತ್ರ ಮುಗಿಸಿ ಸೀಬೆಹಣ್ಣನ್ನು ಬಿಟ್ಟು ಬಂದರೆ ನಾಳೆ ಸೇಬು ಜಾಸ್ತಿ, ಸೀಬೆ ಕಡಿಮೆ ಬರುತ್ತದೆ. ಸೀಬೆ ಬೆಳೆದವನು ಮಂಡಿಗೆ ಹೋಗಬೇಕಾಗುತ್ತದೆ. ಮಳಿಗೆಯಲ್ಲಿ ಹೊರಗಿನ ಮಾಲೇ ಜಾಸ್ತಿ ಅಂತ ದೂರುವವರು ಇದನ್ನು ಸ್ವಲ್ಪ ಯೋಚಿಸಬೇಕು. ನಾವು ಕೊಂಡದ್ದೇ ಅಲ್ಲಿ ಬಂದು ಕೂರುತ್ತದೆ.

ಅಕ್ಕನ ಬೀದಿಯಲ್ಲಿ ಇದು ಕಣ್ಣಿಗೆ ಕಂಡಿತು. ಅತ್ತೆಗೆ ಹೊನಗನ್ನೆ ಸೊಪ್ಪು ಬೇಕಿತ್ತು, ಮಳಿಗೆಗೆ ಅದು ಬರುತ್ತಿರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವರು, "ತರಿಸಬಹುದು ಮೇಡಂ, ಆದರೆ ನೀವು ಒಬ್ರೇ ತಗೊಂಡ್ರೆ ಉಳಿದಿದ್ದು ಬಾಡಿ ಹೋಗುತ್ತೆ" ಅಂದರು. ನ್ಯಾಯವಾದ ಮಾತು. ಅಕ್ಕ ತನ್ನ ಕಟ್ಟಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಹಳೇ ಮೈಸೂರು ಕಡೆಯವರು ಕೆಲವರು ಕೂಡಲೇ ಬೇಕು ಅಂದರು. ಒಬ್ಬರು ಆಂಧ್ರದವರು, ಅವರ ಮನೆಯಲ್ಲೂ ಅದನ್ನು ಮಾಡುತ್ತಾರಂತೆ. ಈಗ ಗೊತ್ತಾದ ದಿನ ಸೊಪ್ಪು ಬರುತ್ತದೆ, ಬೆಳಿಗ್ಗೆಯೇ ಖಾಲಿಯಾಗುತ್ತದೆ. ಇದೇ ರೀತಿ ನಾಟಿ ಕ್ಯಾರೆಟ್ಟಿಗೂ ಗಿರಾಕಿ ಹುಟ್ಟಿದರು. ಅದು ನುಣುಪಾಗಿರಲ್ಲ, ಒಂದೊಂದು ಸಲ ಕವಲು ಇರುತ್ತದೆ, ಆದರೆ ತುರಿದು ಕೋಸಂಬರಿ ಮಾಡಿದರೆ ವ್ಯತ್ಯಾಸವೇನೂ ಗೊತ್ತಾಗಲ್ಲ.

ಹಣ್ಣಿನಲ್ಲಿ ಮಗಳದ್ದು ತಕರಾರು. ಅವಳಿಗೆ ಸೇಬೇ ಬೇಕು. ಅತ್ತೆ, ಅಕ್ಕ ಇಬ್ಬರೂ ಬಲವಂತ ಮಾಡಲಿಲ್ಲ, ಅದು ಒಳ್ಳೆಯದಾಯಿತು. ಸೇಬು ಕಡಿಮೆ ತಂದು ಪಕ್ಕದಲ್ಲಿ ಏಲಕ್ಕಿ ಬಾಳೆ, ಸಪೋಟ, ಪರಂಗಿ ಇಟ್ಟರು. ಫೆಬ್ರವರಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ತಂದಾಗ ಅವಳೇ ಗೊಂಚಲು ಮುಗಿಸಿದಳು. ದಪ್ಪ ಸಿಪ್ಪೆ, ಬೀಜ ಇರುವ, ಘಮ ಜೋರಾಗಿರುವ ಹಣ್ಣು ಅದು, 2013ರಲ್ಲಿ ಜಿಐ ಬಂದದ್ದು, ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳದ್ದು. ಸೀಡ್‌ಲೆಸ್ ಬಂದ ಮೇಲೆ ಮನೆಗಳಲ್ಲಿ ಇದನ್ನು ಕೊಳ್ಳುವವರು ಕಡಿಮೆಯಾದರು, ಬಹಳಷ್ಟು ಜ್ಯೂಸಿಗೆ, ವೈನಿಗೆ ಹೋಗುತ್ತದೆ. 2020ರ ಲಾಕ್‌ಡೌನ್ ಬಂದದ್ದು ಸರಿಯಾಗಿ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಕೊಳ್ಳುವವರಿಲ್ಲದೆ ಹಣ್ಣು ತೋಟದಲ್ಲೇ ಉಳಿಯಿತು. ಆಗ ಹಾಪ್‌ಕಾಮ್ಸ್ ಗಾಡಿಗಳು ಅಪಾರ್ಟ್‌ಮೆಂಟ್‌ಗಳ ಗೇಟಿನ ಮುಂದೆ ನಿಂತವು. ಊರಿನ ಹತ್ತಿರ ತಿನ್ನುವ ಬಾಯಿ ಇದ್ದರೆ ಬೆಳೆಗಾರನಿಗೆ ಎಷ್ಟು ಆಸರೆ ಅನ್ನುವುದು ಆ ತಿಂಗಳುಗಳಲ್ಲಿ ಗೊತ್ತಾಯಿತು. ಆ ಬಾಯಿ ಬರೀ ಕಷ್ಟಕಾಲಕ್ಕೆ ತೆರೆದರೆ ಸಾಲದು ಅಂತ ನನ್ನ ಆಸೆ.

ಖರ್ಚಿನ ವಿಷಯ ಎಲ್ಲರೂ ಕೇಳುತ್ತಾರೆ. ಒಂದೊಂದು ಪದಾರ್ಥಕ್ಕೆ ಹೋಲಿಸಿದರೆ ಕೆಲವು ತಳ್ಳುಗಾಡಿಗಿಂತ ಜಾಸ್ತಿ, ಕೆಲವು ಕಡಿಮೆ. ಆದರೆ ಒಟ್ಟಾರೆ ಅಕ್ಕನಿಗೆ ಉಳಿತಾಯ ಆದದ್ದು ಬೇರೆ ಕಡೆ. ಕಾಲದಲ್ಲಿ ಬಂದ ತರಕಾರಿ ಹೇಗೂ ಅಗ್ಗ. ಸೇಬು ಕಡಿಮೆಯಾದದ್ದು ಒಂದು. ಫ್ರಿಜ್ಜಿನಲ್ಲಿ ಕೊಳೆತು ಬಿಸಾಡುವುದು ನಿಂತದ್ದು ಇನ್ನೊಂದು, ಯಾಕೆಂದರೆ ಹತ್ತಿರವೇ ಇರುವುದರಿಂದ ಎರಡು ದಿನಕ್ಕೆ ಆಗುವಷ್ಟು ಮಾತ್ರ ತರುತ್ತಾರೆ. ಹೊತ್ತು ಮಾತ್ರ ಜಾಸ್ತಿ ಹೋಗುತ್ತದೆ, ಇದನ್ನು ಮುಚ್ಚಿಡಬಾರದು. ಹೋಗಿ ಬರಬೇಕು, ಸೊಪ್ಪು ಸೋಸಬೇಕು, ಅವರೆಕಾಳು ಬಿಡಿಸಬೇಕು, ಹಿತಕಬೇಕು. ಇಬ್ಬರೂ ದುಡಿಯುವ ಮನೆಯಲ್ಲಿ ಇದು ಹೆಂಗಸಿನ ಮೇಲೆಯೇ ಬಿದ್ದರೆ ಇಡೀ ಪ್ರಯತ್ನ ಅನ್ಯಾಯವಾಗುತ್ತದೆ. ಇಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಭಾವ ತರಕಾರಿ ತರುವ ಕೆಲಸ ಒಪ್ಪಿಕೊಂಡರು, ಸೋಸುವುದು ಟಿವಿ ಮುಂದೆ ಎಲ್ಲರೂ ಕೂತು. ಹಾಗಾಗಿ ನಡೆಯಿತು.

ಇನ್ನು ಎಚ್ಚರಿಕೆಯ ಮಾತು. ಹತ್ತಿರದ್ದು ಅಂದ ಮಾತ್ರಕ್ಕೆ ಔಷಧಿ ಹೊಡೆಯದ್ದು ಅಂತ ಅಲ್ಲ. ಸಾವಯವ ಬೇಕಾದರೆ ಅದನ್ನೇ ಬೇರೆಯಾಗಿ ಕೇಳಬೇಕು. ತರಕಾರಿ ಚೆನ್ನಾಗಿ ತೊಳೆಯಬೇಕು. ನೀರಿನ ವಿಷಯವೂ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ್ದ ಕೆರೆ ತುಂಬಿ ಬಾವಿಗಳಲ್ಲಿ ನೀರು ಮೇಲೆ ಬಂದಿದೆ ಅಂತ ಸಂತೋಷಪಡುವ ರೈತರಿದ್ದಾರೆ, ಈಗ ಆಗುತ್ತಿರುವ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಹೋರಾಡುವವರೂ ಇದ್ದಾರೆ. ನನ್ನ ಮಾತು ಕೇಳುವುದಾದರೆ ಹೋರಾಡುವವರ ಬೇಡಿಕೆಗೆ ನಗರದವರೂ ದನಿ ಸೇರಿಸಬೇಕು. ನಾವು ಬಚ್ಚಲಿಗೆ ಬಿಟ್ಟ ನೀರು ಅದು, ಅದರ ಬೆಳೆ ತಿನ್ನುವವರೂ ನಾವೇ.

ಮಾವಿನಲ್ಲಿ ಇನ್ನೊಂದು. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಹಣ್ಣು ಮಾಡುವುದಕ್ಕೆ ನಿಷೇಧ ಇದೆ, ಎಥಿಲೀನ್ ಅನಿಲಕ್ಕೆ ಅಳತೆ ಮೀರದಂತೆ ಅವಕಾಶ ಇದೆ. ಕಾಲಕ್ಕೆ ಮೊದಲೇ ಬಂದ, ಹೊರಗೆ ಹಳದಿಯಾಗಿ ಒಳಗೆ ಹುಳಿಯಾಗಿ ಇರುವ ಹಣ್ಣನ್ನು ಎಲ್ಲೇ ಕಂಡರೂ ಬಿಟ್ಟುಬಿಡಿ. ನಮ್ಮ ಕಡೆ ರಾಮನಗರದ ಬಾದಾಮಿ ಮಾವು ಮೊದಲು ಬರುತ್ತದೆ, ಏಪ್ರಿಲ್ ಸುಮಾರಿಗೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ್ದು ಅದಕ್ಕಿಂತ ತಡ, ಮೇ, ಜೂನ್. ಈ ಕ್ರಮ ಗೊತ್ತಿದ್ದರೆ ಮಾರ್ಚ್‌ನಲ್ಲಿ ಯಾರಾದರೂ ಶ್ರೀನಿವಾಸಪುರದ ಹಣ್ಣು ಅಂದಾಗ ನಂಬಬೇಕಾಗಿಲ್ಲ.

ಬಗೆಹರಿಯದ್ದೂ ಇದೆ. ಬೆಳ್ಳುಳ್ಳಿಗೆ ದಾರಿ ಸಿಕ್ಕಿಲ್ಲ. ಬಟಾಣಿ ಚಳಿಗಾಲಕ್ಕೆ ಮಾತ್ರ ಅಂತ ಮಾಡಿಕೊಂಡಿದ್ದಾರೆ, ಉಳಿದ ಕಾಲಕ್ಕೆ ಅಲಸಂದೆ ಕಾಳು. ಬೇಸಿಗೆಯ ಈರುಳ್ಳಿ ಮಹಾರಾಷ್ಟ್ರದ್ದೇ ಬರುತ್ತದೆ, ಅದರ ಬಗ್ಗೆ ಅಕ್ಕ ತಲೆಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದಾಳೆ, ಬಿಟ್ಟದ್ದು ಸರಿಯೂ ಹೌದು. ಅಂಗಡಿಯಲ್ಲಿ ದರದ ಬೋರ್ಡ್ ಇದೆಯಲ್ಲ, ಅದರ ಪಕ್ಕದಲ್ಲಿ ಯಾವ ಕಡೆಯ ಮಾಲು ಅಂತಲೂ ಬರೆದರೆ ಎಷ್ಟು ಅನುಕೂಲ ಅಂತ ಕಟ್ಟಡದವರೆಲ್ಲಾ ಸೇರಿ ಕೇಳಿಕೊಳ್ಳುವ ಯೋಚನೆ ಇದೆ. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ, ಅದರಲ್ಲಿ ಸೊಪ್ಪು, ಆಲೂ, ಈರುಳ್ಳಿ, ಕ್ಯಾರೆಟ್ ಇಷ್ಟಕ್ಕಾದರೂ ಊರಿನ ಹೆಸರು ಹಾಕಿ ಅಂತ ಕೇಳುತ್ತಿದ್ದೇವೆ.